ಮಗು ಸೊಪ್ಪನ್ನು ಏಕೆ ಒಲ್ಲದು?

ಮಕ್ಕಳ ಊಟದ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ನಡೆಯುವಷ್ಟು ವಾದವಿವಾದ ಬೇರಾವ ಹೊತ್ತಿನಲ್ಲಿಯೂ ನಡೆಯುವುದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ತಾಯಿ ತುತ್ತು ಹಿಡಿದು ಕುಳಿತಿರುತ್ತಾಳೆ; ಮಗು ಬಾಯಿ ಬಿಗಿದುಕೊಂಡಿರುತ್ತದೆ. ಅಜ್ಜಿ ಪುಸಲಾಯಿಸುತ್ತಾಳೆ; ತಂದೆ ಗದರಿಸುತ್ತಾನೆ. ಕೊನೆಗೆ ಸೊಪ್ಪಿನ ಪಲ್ಯ ತಟ್ಟೆಯಲ್ಲಿಯೇ ಉಳಿಯುತ್ತದೆ, ಮಗು ಎರಡು ಬಿಸ್ಕತ್ತು ಹಿಡಿದುಕೊಂಡು ಆಟಕ್ಕೆ ಓಡುತ್ತದೆ. ಆಮೇಲೆ ಹಿರಿಯರು ಎರಡು ತೀರ್ಪುಗಳಲ್ಲೊಂದನ್ನು ಕೊಡುವುದು ವಾಡಿಕೆ. "ಇದು ಬಲು ಹಟಮಾರಿ ಮಗು" ಎಂಬುದು ಒಂದು; "ನಮ್ಮ ಮಗುವಿಗೆ ಸೊಪ್ಪು ಸೇರುವುದೇ ಇಲ್ಲ" ಎಂಬುದು ಇನ್ನೊಂದು.

ಈ ಎರಡು ತೀರ್ಪುಗಳೂ ಅವಸರದವೆಂದು ನಾವು ಭಾವಿಸುತ್ತೇವೆ. ಮೊದಲನೆಯದರಿಂದ ಬಲಾತ್ಕಾರ ಹುಟ್ಟುತ್ತದೆ. ಎರಡನೆಯದರಿಂದ ಪ್ರಯತ್ನವೇ ನಿಂತುಹೋಗುತ್ತದೆ. ಹೊಸ ತಿನಿಸಿಗೆ ಮಗು ಮೊದಲು ಹೇಳುವ 'ಬೇಡ' ಎಂಬುದು ಅದರ ಕೊನೆಯ ಮಾತೆಂದು ತಿಳಿಯಲು ಯಾವ ಆಧಾರವೂ ಇಲ್ಲ. ಮಾತನ್ನು ಕಲಿಯುವಂತೆಯೇ ಮಗು ರುಚಿಯನ್ನೂ ಕಲಿಯುತ್ತದೆ. ಕಲಿಕೆಗೆ ಸಮಯ ಬೇಕು, ಮೇಲ್ಪಂಕ್ತಿ ಬೇಕು, ಸ್ವಲ್ಪ ಖರ್ಚೂ ತಗಲುತ್ತದೆ. ಆ ಖರ್ಚನ್ನು ಯಾರು ಹೊರಬೇಕೆಂಬುದು ಮನೆಯ ಪ್ರಶ್ನೆಯಷ್ಟೇ ಅಲ್ಲದೆ ಸಮಾಜದ ಪ್ರಶ್ನೆಯೂ ಆಗಿದೆ. ಇದನ್ನೇ ಇಲ್ಲಿ ವಾಚಕರ ಮುಂದಿಡಲು ಬಯಸುತ್ತೇವೆ.

ವಿಷಯದ ಗುರುತ್ವ

ಇದು ಕೇವಲ ಊಟದ ಶಿಸ್ತಿನ ಮಾತಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿ ರಕ್ತಹೀನತೆಗೆ ಒಳಗಾಗಿದ್ದರು. ಐದು ವರ್ಷದೊಳಗಿನವರಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇಡೀ ದೇಶವನ್ನು ತೆಗೆದುಕೊಂಡರೆ, ಆರರಿಂದ ಇಪ್ಪತ್ತಮೂರು ತಿಂಗಳ ಶಿಶುಗಳಲ್ಲಿ ಸಾಕಷ್ಟು ಆಹಾರ ದೊರೆಯುತ್ತಿದ್ದುದು ನೂರಕ್ಕೆ ಸುಮಾರು 11 ಮಂದಿಗೆ ಮಾತ್ರ.

ಇದಕ್ಕೆಲ್ಲ ಮಗುವಿನ ನಿರಾಕರಣೆಯೇ ಕಾರಣವೆಂದು ಹೇಳಿದರೆ ಅದು ಅನ್ಯಾಯವಾದೀತು. ಬಡತನವುಂಟು, ಜಂತುಹುಳುಗಳ ಬಾಧೆಯುಂಟು, ಕೆಟ್ಟ ನೀರುಂಟು, ತಾಯಿಯೇ ರಕ್ತಹೀನಳಾಗಿರುವುದುಂಟು. ಆದರೂ ಮನೆಯಲ್ಲಿ ಇದ್ದದ್ದು, ಕೈಗೆ ಎಟುಕುವ ಬೆಲೆಗೆ ಸಿಕ್ಕುವುದು, ಮಗುವಿನ ಹೊಟ್ಟೆಗೆ ಸೇರದೆ ಹೋಗುವ ಸಂದರ್ಭಗಳು ಕಡಮೆಯೇನಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಅಷ್ಟೇ ತೂಕದ ಪಾಲಿಷ್ ಮಾಡಿದ ಅಕ್ಕಿಯಲ್ಲಿರುವುದು ಹತ್ತು ಮಿಲಿಗ್ರಾಂ ಆಸುಪಾಸು. ನುಗ್ಗೆಸೊಪ್ಪಿನಲ್ಲಿ ಸುಣ್ಣಾಂಶವೂ ಕಬ್ಬಿಣಾಂಶವೂ ಸಮೃದ್ಧವಾಗಿವೆ. ಹಿತ್ತಲಲ್ಲಿ ಒಂದು ಮರವಿದ್ದರೆ ಅದಕ್ಕೆ ಬೆಲೆಯೂ ಇಲ್ಲ. ನೂರು ಗ್ರಾಂ ಸೀಬೆಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ 'ಸಿ' ಅನ್ನಾಂಗವಿದ್ದರೆ, ಅದಕ್ಕಿಂತ ಬಹಳ ಹೆಚ್ಚು ಬೆಲೆಯ ಸೇಬಿನಲ್ಲಿರುವುದು ಐದು ಮಿಲಿಗ್ರಾಂಗಿಂತಲೂ ಕಡಮೆ. ಪುಷ್ಟಿ ನಮ್ಮ ಸುತ್ತಲೇ ಇದೆ. ಅದು ಮಗುವಿಗೆ ರುಚಿಸುವಂತಾಗಬೇಕು.

ನಿರಾಕರಣೆಯ ಮೂಲ

ಮಗು ಏಕೆ ಒಲ್ಲದು? ಇದಕ್ಕೆ ಉತ್ತರ ಮಗುವಿನ ನಾಲಗೆಯಲ್ಲಿಯೂ ಮನುಷ್ಯ ಜಾತಿಯ ಇತಿಹಾಸದಲ್ಲಿಯೂ ಇದೆ.

1970ರ ದಶಕದಲ್ಲಿ ಜೆರೂಸಲೆಮಿನ ಜೇಕಬ್ ಸ್ಟೈನರ್ ಎಂಬ ವಿಜ್ಞಾನಿ, ಆಗತಾನೆ ಹುಟ್ಟಿ ಇನ್ನೂ ಮೊಲೆಹಾಲನ್ನು ಸಹ ಕುಡಿಯದ ಶಿಶುಗಳ ನಾಲಗೆಗೆ ಬೇರೆ ಬೇರೆ ರುಚಿಯ ಹನಿಗಳನ್ನು ಮುಟ್ಟಿಸಿ ಅವುಗಳ ಮುಖವನ್ನು ಗಮನಿಸಿದನು. ಸಿಹಿಗೆ ಶಿಶುವಿನ ಮುಖ ಅರಳಿತು; ಕಹಿಗೆ ಮುಖ ಕಿವುಚಿ ನಾಲಗೆ ಹೊರಬಂದಿತು. ಯಾರೂ ಕಲಿಸದೆಯೇ ಬಂದಿರುವ ಗುಣವಿದು. ತಾಯಿಯ ಹಾಲೂ ಕಳಿತ ಹಣ್ಣೂ ಸಿಹಿಯಾಗಿರುತ್ತವೆ. ಕಾಸರಕದಂತಹ, ಉಮ್ಮತ್ತಿಯಂತಹ ಅನೇಕ ವಿಷಸಸ್ಯಗಳು ಕಹಿಯಾಗಿರುತ್ತವೆ. ಸಿಹಿಯನ್ನು ಒಪ್ಪಿ ಕಹಿಯನ್ನು ಉಗುಳುವ ಶಿಶುವಿಗೆ ಕಾಡಿನಲ್ಲಿ ಬದುಕುಳಿಯುವ ಅವಕಾಶ ಹೆಚ್ಚಾಗಿದ್ದಿತು. ನಮ್ಮ ನಾಲಗೆಯಲ್ಲಿ ಕಹಿಯನ್ನು ಗುರುತಿಸುವ ಗ್ರಾಹಕಗಳು ಸುಮಾರು ಇಪ್ಪತ್ತೈದು ಬಗೆಯವು ಇವೆಯೆಂಬುದು ಪ್ರಕೃತಿ ಈ ಕಾವಲಿಗೆ ಎಷ್ಟು ಮಹತ್ವ ಕೊಟ್ಟಿದೆಯೆಂಬುದನ್ನು ತೋರಿಸುತ್ತದೆ.

ಮಗು ಎದ್ದು ನಡೆದಾಡತೊಡಗಿದ ಮೇಲೆ ಇನ್ನೊಂದು ಕಾವಲು ಬಲಗೊಳ್ಳುತ್ತದೆ. ಒಂದು ವರ್ಷದ ಕೂಸು ಕೊಟ್ಟದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ಅದೇ ಮಗು ಎರಡನೆಯ ವರ್ಷ ತುಂಬುವ ಹೊತ್ತಿಗೆ, ಕಾಣದ ತಿನಿಸನ್ನು ಕಂಡೊಡನೆ ಮುಖ ತಿರುಗಿಸುತ್ತದೆ. ನಿನ್ನೆ ಮೊನ್ನೆಯವರೆಗೆ ತಿನ್ನುತ್ತಿದ್ದ ಪಲ್ಯವನ್ನೂ ಬೇಡವೆನ್ನುವುದುಂಟು. ತಾಯಿಯ ಕಣ್ಣಿನಿಂದ ದೂರ ಹೋಗಿ ಸಿಕ್ಕಿದ್ದನ್ನು ಕಿತ್ತು ತಿನ್ನಬಲ್ಲ ವಯಸ್ಸಿನಲ್ಲಿ ಈ ಅಳುಕು ಪ್ರಾಣರಕ್ಷಕವಾಗಿದ್ದಿರಬೇಕೆಂದು ವಿಜ್ಞಾನಿಗಳು ಊಹಿಸುತ್ತಾರೆ. ಎರಡರಿಂದ ಆರು ವರ್ಷದವರೆಗೆ ಇದು ಪ್ರಬಲವಾಗಿದ್ದು, ಮುಂದೆ ಕ್ರಮೇಣ ಇಳಿಯುತ್ತದೆ.

ಎಲ್ಲ ಮಕ್ಕಳಲ್ಲಿಯೂ ಈ ಅಳುಕು ಒಂದೇ ಸಮನಾಗಿರುವುದಿಲ್ಲ. 1931ರಲ್ಲಿ ಅಮೆರಿಕದ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞನ ಪ್ರಯೋಗಾಲಯದಲ್ಲಿ ಒಂದು ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಅದು ಬಲು ಕಹಿಯೆಂದು ದೂರಿದನು. ಫಾಕ್ಸನಿಗೆ ಯಾವ ರುಚಿಯೂ ತಿಳಿಯಲಿಲ್ಲ. ಒಂದೇ ವಸ್ತು ಒಬ್ಬನಿಗೆ ಕಹಿ, ಇನ್ನೊಬ್ಬನಿಗೆ ಸಪ್ಪೆ ಆಗಬಹುದೆಂಬುದು ಹೀಗೆ ಬೆಳಕಿಗೆ ಬಂದಿತು. ಈ ಭೇದ ವಂಶಪಾರಂಪರ್ಯವಾಗಿ ಬರತಕ್ಕದ್ದು. 2007ರಲ್ಲಿ ಲೂಸಿ ಕುಕ್ ಮತ್ತು ಸಂಗಡಿಗರು ಬ್ರಿಟನ್ನಿನ ಸಾವಿರಾರು ಅವಳಿಜವಳಿ ಮಕ್ಕಳನ್ನು ಪರಿಶೀಲಿಸಿ, ಹೊಸ ತಿನಿಸಿನ ಅಳುಕಿನಲ್ಲಿ ಮಗುವಿನಿಂದ ಮಗುವಿಗೆ ಇರುವ ವ್ಯತ್ಯಾಸದ ಮುಕ್ಕಾಲು ಪಾಲಿಗೆ ಅನುವಂಶೀಯತೆಯೇ ಕಾರಣವೆಂದು ಕಂಡುಕೊಂಡರು. ಅಣ್ಣ ಎಲ್ಲವನ್ನೂ ತಿನ್ನುತ್ತಾನೆ, ತಮ್ಮ ಏನನ್ನೂ ಮುಟ್ಟುವುದಿಲ್ಲ ಎಂದು ತಾಯಿಯನ್ನು ದೂಷಿಸುವವರು ಈ ಮಾತನ್ನು ನೆನಪಿಡುವುದು ಒಳ್ಳೆಯದು.

ಹಾಗಾದರೆ ಹುಟ್ಟಿನಿಂದ ಬಂದದ್ದನ್ನು ತಿದ್ದುವುದು ಸಾಧ್ಯವೆ? ಸಾಧ್ಯ. ಅಳುಕು ಅನುವಂಶೀಯವಾಗಿರಬಹುದು, ಆದರೆ ಯಾವುದಕ್ಕೆ ಅಳುಕಬೇಕೆಂಬುದು ಪರಿಚಯದಿಂದ ನಿರ್ಧಾರವಾಗುತ್ತದೆ. ಪರಿಚಯವಾದ ವಸ್ತು ಹೊಸದಾಗಿ ಉಳಿಯುವುದಿಲ್ಲವಷ್ಟೆ.

ಪರಿಚಯದ ಪ್ರಭಾವ

ಈ ವಿಷಯದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಯಾನ್ ಬರ್ಚ್ ನಡೆಸಿದ ಪ್ರಯೋಗಗಳು ಪ್ರಸಿದ್ಧವಾಗಿವೆ. 1982ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎರಡು ವರ್ಷದ ಮಕ್ಕಳಿಗೆ ಹೊಸ ತಿನಿಸುಗಳನ್ನು ಬೇರೆ ಬೇರೆ ಸಂಖ್ಯೆಯ ಸಲ ಕೊಟ್ಟು ನೋಡಲಾಯಿತು; ಯಾವುದನ್ನು ಹೆಚ್ಚು ಸಲ ತಿಂದಿದ್ದರೋ ಅದನ್ನೇ ಮಕ್ಕಳು ಹೆಚ್ಚು ಮೆಚ್ಚಿದರು. ಕಣ್ಣಿಗೆ ತೋರಿಸಿದರೆ ಮಾತ್ರ ಸಾಲದು, ನಾಲಗೆಗೆ ತಗಲಬೇಕು ಎಂಬುದು ಅದೇ ತಂಡದ 1987ರ ಪ್ರಯೋಗದಿಂದ ತಿಳಿದುಬಂದಿತು.

2007ರಲ್ಲಿ ಆಂಡ್ರಿಯಾ ಮೇಯರ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ ಇನ್ನೂ ಸ್ಪಷ್ಟವಾಗಿದೆ. ಏಳು ತಿಂಗಳ ಶಿಶುಗಳ ತಾಯಂದಿರನ್ನು, ಮಗು ಒಲ್ಲದ ತರಕಾರಿಯೊಂದನ್ನು ಹೆಸರಿಸುವಂತೆ ಕೇಳಿ, ಅದನ್ನೇ ದಿನ ಬಿಟ್ಟು ದಿನ ಎಂಟು ಸಲ ಕೊಡುವಂತೆ ಸೂಚಿಸಲಾಯಿತು. ಎಂಟನೆಯ ಸಲದ ಹೊತ್ತಿಗೆ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಶಿಶುಗಳು ಅದನ್ನು ತಮಗೆ ಮೊದಲೇ ಇಷ್ಟವಾಗಿದ್ದ ತರಕಾರಿಯಷ್ಟೇ ತಿನ್ನುತ್ತಿದ್ದವು. ಸಾಮಾನ್ಯವಾಗಿ ತಾಯಂದಿರು ಎರಡು ಮೂರು ಸಲಕ್ಕೇ ಕೈಬಿಡುತ್ತಾರೆ. ಮೂರಕ್ಕೂ ಎಂಟಕ್ಕೂ ನಡುವಿನ ಈ ಐದು ಊಟಗಳಲ್ಲಿಯೇ "ಸೇರುವುದಿಲ್ಲ" ಎಂಬ ತೀರ್ಪು ಹುಟ್ಟಿಕೊಳ್ಳುತ್ತದೆ.

ಪರಿಚಯ ಜನನಕ್ಕೆ ಮೊದಲೇ ಆರಂಭವಾಗಬಲ್ಲದೆಂಬುದು ಇನ್ನೊಂದು ಕೌತುಕದ ಸಂಗತಿ. ಫಿಲಡೆಲ್ಫಿಯದ ಜೂಲಿ ಮೆನೆಲ್ಲಾ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಸಿರಿನ ಕೊನೆಯ ತಿಂಗಳುಗಳಲ್ಲಿಯೋ ಬಾಣಂತನದಲ್ಲಿಯೋ ಗಜ್ಜರಿಯ ರಸವನ್ನು ಕುಡಿದ ತಾಯಂದಿರ ಮಕ್ಕಳು, ಮುಂದೆ ಗಜ್ಜರಿ ಬೆರೆಸಿದ ಅಂಬಲಿಯನ್ನು ಕೊಟ್ಟಾಗ ಮುಖ ಕಿವುಚಿದ್ದು ಕಡಮೆ. ತಾಯಿ ಉಂಡದ್ದರ ಪರಿಮಳ ಗರ್ಭೋದಕಕ್ಕೂ ಮೊಲೆಹಾಲಿಗೂ ಇಳಿಯುತ್ತದೆ. ಬಸುರಿ ಬಾಣಂತಿಯರಿಗೆ ಸೊಪ್ಪು ತರಕಾರಿಗಳನ್ನು ನಿಷೇಧಿಸುವ ಪಥ್ಯಗಳು ಕೆಲವು ಮನೆಗಳಲ್ಲಿ ಇನ್ನೂ ಉಳಿದಿವೆ. ತಾಯಿಯ ಪುಷ್ಟಿಯ ಜೊತೆಗೆ ಮಗುವಿನ ಮೊದಲ ರುಚಿಪಾಠವನ್ನೂ ಅವು ಕಸಿದುಕೊಳ್ಳುತ್ತವೆ.

ಹೊಸದು ಹಳೆಯದಾದ ಬಗೆ

ಪಾಶ್ಚಾತ್ಯರ ಪ್ರಯೋಗಗಳು ನಮ್ಮ ಅಡುಗೆಮನೆಗೆ ಹೊಂದುವುವೆ ಎಂದು ಕೇಳುವವರಿರಬಹುದು. ಅವರು ತಮ್ಮ ಅಡುಗೆಮನೆಯನ್ನೇ ಒಮ್ಮೆ ನೋಡಬೇಕು. ಮೆಣಸಿನಕಾಯಿ ನಮ್ಮ ದೇಶದ್ದಲ್ಲ. ಅದು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಅಮೆರಿಕ ಖಂಡದಿಂದ ಬಂದಿತು. ಟೊಮೇಟೊ, ಆಲೂಗಡ್ಡೆ, ಕಡಲೆಕಾಯಿ, ಸೀಬೆ ಇವೆಲ್ಲವೂ ಮೂಲತಃ ಆ ಕಡೆಯವೇ. ಪರಂಗಿಹಣ್ಣು, ಸೀಮೆಬದನೆ ಎಂಬ ಹೆಸರುಗಳು ತಮ್ಮ ಪರದೇಶವಾಸವನ್ನು ಇನ್ನೂ ಮರೆತಿಲ್ಲ. ನಮ್ಮ ಹೆಮ್ಮೆಯ ರಾಗಿಯೂ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದ ಎತ್ತರದ ನೆಲದಿಂದ ಬಂದ ಧಾನ್ಯವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಒಂದು ಕಾಲದಲ್ಲಿ ಇವೆಲ್ಲವೂ ಯಾರಿಗೋ ಹೊಸ ತಿನಿಸಾಗಿದ್ದುವು.

ಇವುಗಳಲ್ಲಿ ಮೆಣಸಿನಕಾಯಿಯ ಕಥೆ ಬಹು ಬೋಧಪ್ರದವಾದದ್ದು. ಅದು ಬಾಯಿಯನ್ನು ಸುಡುವ ವಸ್ತು. ಯಾವ ಶಿಶುವೂ ಅದನ್ನು ಹುಟ್ಟಿನಿಂದ ಮೆಚ್ಚುವುದಿಲ್ಲ. ಆದರೂ ಬ್ಯಾಡಗಿಯ ಸೀಮೆಯಲ್ಲಿ ಬೆಳೆದ ಹುಡುಗನಿಗೆ ಖಾರವಿಲ್ಲದ ರೊಟ್ಟಿ ಸಪ್ಪೆ. ಪಾಲ್ ರೋಜಿನ್ ಎಂಬ ಮನಶ್ಶಾಸ್ತ್ರಜ್ಞ ಮೆಕ್ಸಿಕೊದ ಹಳ್ಳಿಯೊಂದರಲ್ಲಿ ಈ ಬದಲಾವಣೆಯನ್ನು ಪರಿಶೀಲಿಸಿ 1980ರಲ್ಲಿ ತನ್ನ ಸಂಗಡಿಗಳೊಡನೆ ವರದಿಮಾಡಿದನು. ಅಲ್ಲಿ ಖಾರ ತಿಂದುದಕ್ಕಾಗಿ ಮಕ್ಕಳಿಗೆ ಯಾರೂ ಬಹುಮಾನ ಕೊಡುತ್ತಿರಲಿಲ್ಲ. ಹಿರಿಯರು ದಿನವೂ ಸವಿದು ತಿನ್ನುವುದನ್ನು ಮಕ್ಕಳು ನೋಡುತ್ತಿದ್ದರು. ಮೊದಲು ಸ್ವಲ್ಪ, ಆಮೇಲೆ ಇನ್ನೂ ಸ್ವಲ್ಪ ತಾವೇ ಹಾಕಿಕೊಳ್ಳುತ್ತಿದ್ದರು. ನಮ್ಮ ಮನೆಗಳಲ್ಲಿಯೂ ನಡೆಯುವುದು ಇದೇ. ಉರಿಯುವ ಮೆಣಸಿನಕಾಯಿಯನ್ನು ಒಲಿಸಿಕೊಟ್ಟ ಉಪಾಯ, ಸಾಧುವಾದ ದಂಟಿನ ಸೊಪ್ಪನ್ನು ಒಲಿಸಿಕೊಡಲಾರದೆ?

ಒತ್ತಾಯ, ಆಮಿಷ, ಮರೆಮಾಚುವಿಕೆ

ಇಷ್ಟಾದರೂ ನಾವು ಸಾಮಾನ್ಯವಾಗಿ ಹಿಡಿಯುವ ಮಾರ್ಗಗಳು ಬೇರೆ. ಮೊದಲನೆಯದು ಒತ್ತಾಯ. 2006ರಲ್ಲಿ ಆಮಿ ಗ್ಯಾಲೊವೇ ಮತ್ತು ಸಂಗಡಿಗರು ಪುಟ್ಟ ಮಕ್ಕಳಿಗೆ ಎರಡು ಬಗೆಯ ತರಕಾರಿ ಸಾರನ್ನು ಕೊಟ್ಟು, ಒಂದನ್ನು ಕುಡಿಯುವಾಗ ಮಾತ್ರ "ಮುಗಿಸು, ಮುಗಿಸು" ಎಂದು ಒತ್ತಾಯಿಸಿ ನೋಡಿದರು. ಒತ್ತಾಯವಿಲ್ಲದ ಸಾರನ್ನೇ ಮಕ್ಕಳು ಹೆಚ್ಚು ಕುಡಿದರು. ಒತ್ತಾಯದ ಸಾರನ್ನು ಹಳಿದರು. ಎರಡನೆಯದು ಆಮಿಷ. "ಪಲ್ಯ ತಿಂದರೆ ಚಾಕೊಲೇಟು" ಎಂದೊಡನೆ ಮಗು ಒಂದು ತರ್ಕ ಹೂಡುತ್ತದೆ: ಕೂಲಿ ಕೊಟ್ಟು ತಿನ್ನಿಸಬೇಕಾದ ವಸ್ತು ಒಳ್ಳೆಯದಾಗಿರಲಾರದು. ಬರ್ಚ್ ಅವರ 1984ರ ಪ್ರಯೋಗದಲ್ಲಿ, ಬಹುಮಾನದ ಆಸೆಯಿಂದ ಕುಡಿಸಿದ ಪಾನೀಯ ಮಕ್ಕಳಿಗೆ ಮೊದಲಿಗಿಂತ ಕಡಮೆ ಪ್ರಿಯವಾಯಿತು. ಆಮಿಷವಾಗಿ ತೋರಿಸಿದ ಮಿಠಾಯಿಯ ಮೇಲಿನ ಆಸೆಯಂತೂ ಹೇಗೂ ಬೆಳೆಯುತ್ತದೆ.

ಮೂರನೆಯದು ಮರೆಮಾಚುವಿಕೆ. ಸೊಪ್ಪನ್ನು ನುಣ್ಣಗೆ ರುಬ್ಬಿ ಚಪಾತಿಯ ಹಿಟ್ಟಿನಲ್ಲಿ ಕಲಸುವುದರಿಂದ ಅಂದಿನ ಪುಷ್ಟಿ ದೊರೆಯುವುದು ನಿಜ; ಆದರೆ ಸೊಪ್ಪಿನ ಪರಿಚಯವಾಗುವುದಿಲ್ಲ. ಮೊಬೈಲ್ ಫೋನನ್ನು ಕೈಗಿತ್ತು, ಮಗು ಅದರಲ್ಲಿ ಮೈಮರೆತಿರುವಾಗ ತುತ್ತು ತುರುಕುವುದು ಇದೇ ಜಾತಿಗೆ ಸೇರಿದ್ದು. ಅಲ್ಲಿ ಹೊಟ್ಟೆ ತುಂಬಿದ್ದೂ ಮಗುವಿಗೆ ತಿಳಿಯದು, ರುಚಿಯೂ ತಿಳಿಯದು.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಗಾದೆಯ ಪ್ರಯೋಜನವನ್ನು ದೊಡ್ಡವರು ಪಡೆಯುತ್ತಾರೆಯೇ ಹೊರತು ಮಕ್ಕಳಿಗೆ ಅದು ಸಲ್ಲುವುದಿಲ್ಲ. ಮನೆಯ ಯಜಮಾನ ಹಾಗಲಕಾಯಿ ಗೊಜ್ಜನ್ನು ಒಲ್ಲೆನೆಂದರೆ ಅದು ಅವನ ಇಷ್ಟ. ಮಗು ಒಲ್ಲೆನೆಂದರೆ ಅದು ಹಟ!

ಮಗುವಿಗೆ ಎಷ್ಟು ಸ್ವಾತಂತ್ರ್ಯ ಕೊಡಬಹುದೆಂಬುದಕ್ಕೆ ಅಮೆರಿಕದ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್ 1920ರ ದಶಕದಲ್ಲಿ ಆರಂಭಿಸಿದ ಪ್ರಯೋಗವೊಂದು ದಾರಿ ತೋರಿಸುತ್ತದೆ. ಆಗತಾನೆ ಮೊಲೆ ಬಿಟ್ಟ ಹದಿನೈದು ಮಕ್ಕಳ ಮುಂದೆ ದಿನವೂ ಬಗೆಬಗೆಯ ಆಹಾರಗಳನ್ನಿಟ್ಟು, ದಾದಿಯರು ಏನನ್ನೂ ಸೂಚಿಸದೆ ಸುಮ್ಮನೆ ಕುಳಿತರು. ಮಕ್ಕಳು ತಮಗೆ ಬೇಕಾದುದನ್ನು ಬೇಕಾದಷ್ಟು ತಿಂದು ಸೊಂಪಾಗಿ ಬೆಳೆದರು. ಆದರೆ 1939ರಲ್ಲಿ ಫಲಿತಾಂಶವನ್ನು ವಿವರಿಸುತ್ತ ಡೇವಿಸ್ ಒಂದು ಮುಖ್ಯ ಮಾತನ್ನು ಸೇರಿಸಿದಳು: ಪ್ರಯೋಗದ ಗುಟ್ಟು ಆಹಾರಗಳ ಪಟ್ಟಿಯಲ್ಲಿಯೇ ಇದ್ದಿತು. ಅದರಲ್ಲಿದ್ದ ಮೂವತ್ತನಾಲ್ಕು ಆಹಾರಗಳೂ ಸಹಜವಾದವು, ಸತ್ವಯುತವಾದವು. ಸಕ್ಕರೆಯಾಗಲಿ ಡಬ್ಬಿಯ ತಿಂಡಿಯಾಗಲಿ ಇರಲಿಲ್ಲ. ಏನನ್ನು ಬಡಿಸಬೇಕೆಂಬುದು ಹಿರಿಯರ ಕೆಲಸ. ಎಷ್ಟು ತಿನ್ನಬೇಕೆಂಬುದು ಮಗುವಿನ ಕೆಲಸ. ಎರಡೂ ಅದಲುಬದಲಾದಾಗಲೇ ಜಗಳ ಆರಂಭವಾಗುತ್ತದೆ.

ಹಿರಿಯರ ತಟ್ಟೆ

ಪರಿಚಯದ ಜೊತೆಗೆ ಇನ್ನೊಂದು ಶಕ್ತಿಯುಂಟು, ಅದು ಮೇಲ್ಪಂಕ್ತಿ. 1975ರಲ್ಲಿ ಹಾರ್ಪರ್ ಮತ್ತು ಸ್ಯಾಂಡರ್ಸ್ ಎಂಬ ಸಂಶೋಧಕರು ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ಹೊಸ ತಿನಿಸನ್ನು ಕೊಟ್ಟು ನೋಡಿದರು. "ತಗೋ" ಎಂದು ಕೊಟ್ಟಾಗ ಬಾಯಿಗೆ ಹಾಕಿಕೊಂಡವರಿಗಿಂತ, ಕೊಡುವವರು ತಾವೂ ತಿಂದಾಗ ಬಾಯಿಗೆ ಹಾಕಿಕೊಂಡವರು ಬಹಳ ಹೆಚ್ಚು. ಅಪರಿಚಿತರಿಗಿಂತ ತಾಯಿ ತಿಂದಾಗ ಇನ್ನೂ ಹೆಚ್ಚು. ಹಿರಿಯರು ಬೇರೆ ಏನನ್ನೋ ತಿನ್ನುತ್ತಿದ್ದರೆ ಪ್ರಯೋಜನವಿಲ್ಲ, ಅದೇ ತಿನಿಸನ್ನು ತಿನ್ನಬೇಕು ಎಂಬುದು 2005ರಲ್ಲಿ ಎಲ್ಸಾ ಅದ್ದೆಸ್ಸಿ ಮತ್ತು ಸಂಗಡಿಗರ ಪ್ರಯೋಗದಿಂದ ದೃಢಪಟ್ಟಿತು.

ಯುಗಾದಿಯ ದಿನವನ್ನು ನೆನೆಯಿರಿ. ಬೇವಿನಷ್ಟು ಕಹಿಯಾದದ್ದು ಇನ್ನಾವುದಿದೆ? ಆದರೂ ಅಂದು ಮೂರು ವರ್ಷದ ಮಗುವೂ ಬೇವುಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಅಜ್ಜ ತಿಂದ, ಅಮ್ಮ ತಿಂದಳು, ಅಕ್ಕ ತಿಂದಳು, ಪ್ರಮಾಣ ಒಂದು ಚಿಟಿಕೆ, ಜೊತೆಗೆ ಪರಿಚಿತವಾದ ಬೆಲ್ಲವಿದೆ, ಯಾರೂ ಗದರಿಸುತ್ತಿಲ್ಲ. ಹೊಸ ರುಚಿಯನ್ನು ಕಲಿಸುವ ಶಾಸ್ತ್ರವೆಲ್ಲ ಈ ಒಂದು ಚಿಟಿಕೆಯಲ್ಲಿ ಅಡಗಿದೆ. ವರ್ಷಕ್ಕೊಮ್ಮೆ ನಾವು ಇದನ್ನು ಸರಿಯಾಗಿ ಮಾಡುತ್ತೇವೆ. ಉಳಿದ ದಿನಗಳಲ್ಲಿ ಮರೆಯುತ್ತೇವೆ.

ಮೇಲ್ಪಂಕ್ತಿ ಎರಡು ಕಡೆಗೂ ಕೊಯ್ಯುವ ಕತ್ತಿ. ರಾಗಿ ಬಡವರ ಊಟ, ಅಕ್ಕಿ ಸಿರಿವಂತರದು ಎಂಬ ಭಾವನೆ ಇಂದಿನದಲ್ಲ. ಹದಿನಾರನೆಯ ಶತಮಾನದಲ್ಲಿಯೇ ಕನಕದಾಸರು ರಾಮಧಾನ್ಯಚರಿತೆಯಲ್ಲಿ ಅಕ್ಕಿಗೂ ರಾಗಿಗೂ ವಾದ ಹೂಡಿಸಿ, ಕೆಡದೆ ಉಳಿದ ರಾಗಿಗೆ ಜಯ ಕೊಡಿಸಿದರು. ಆ ತೀರ್ಪು ಕಾವ್ಯದಲ್ಲಿ ಉಳಿಯಿತು. ಪಂಕ್ತಿಯಲ್ಲಿ ಅಕ್ಕಿಯೇ ಗೆದ್ದಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪೇಟೆಯಲ್ಲಿ ರಾಗಿಯ ಮಾನ ಏರಿದೆ. ಮದುವೆಯ ಊಟದಲ್ಲಿ ಅದಕ್ಕೆ ಸ್ಥಾನ ದೊರೆಯುವುದು ಈಗಲೂ ಅಪರೂಪ. ನೆಂಟರು ಬಂದಾಗ ಸೇಬು, ಇಲ್ಲದಾಗ ಸೀಬೆ. ಹುಟ್ಟುಹಬ್ಬಕ್ಕೆ ಚಿಪ್ಸು, ವಾರದ ದಿನಗಳಿಗೆ ಸೊಪ್ಪು. ಯಾವುದು ಸಂಭ್ರಮದ ಊಟ, ಯಾವುದು ಕರ್ತವ್ಯದ ಊಟ ಎಂಬುದನ್ನು ಮಗು ಬಹು ಬೇಗ ಓದಿಕೊಳ್ಳುತ್ತದೆ. ಅದು ಒಲ್ಲೆನೆನ್ನುವುದು ಎಷ್ಟೋ ಸಲ ನಮ್ಮದೇ ಅಭಿಪ್ರಾಯದ ಪ್ರತಿಧ್ವನಿ.

ಬೆಲೆ ತೆರಬೇಕಾದವರಾರು?

ಈಗ ಒಂದು ಗಂಭೀರವಾದ ಆಕ್ಷೇಪವನ್ನು ಎದುರಿಸಬೇಕು. ಎಂಟು ಹತ್ತು ಸಲ ಕೊಟ್ಟು ನೋಡಿ ಎಂದು ಹೇಳುವುದು ಸುಲಭ. ಮಗು ಉಗುಳಿದ ಪ್ರತಿಯೊಂದು ತುತ್ತೂ ಹಣ. ಕೂಲಿಯಿಂದ ಬಂದ ತಾಯಿ, ಮಗು ಖಂಡಿತವಾಗಿ ತಿನ್ನುವ ಅನ್ನವನ್ನು ಮಾಡುವಳೆ, ತಿಪ್ಪೆಗೆ ಹೋಗಬಹುದಾದ ತರಕಾರಿಯನ್ನು ಕೊಳ್ಳುವಳೆ? ಸಮಾಜಶಾಸ್ತ್ರಜ್ಞೆ ಕೇಟ್ಲಿನ್ ಡೇನಿಯಲ್ ಅಮೆರಿಕದ ಬಾಸ್ಟನ್ ನಗರದ ಸುತ್ತಲಿನ ಕುಟುಂಬಗಳನ್ನು ಅಭ್ಯಸಿಸಿ 2016ರಲ್ಲಿ ಇದನ್ನೇ ಎತ್ತಿ ತೋರಿಸಿದಳು. ಬಡ ತಾಯ್ತಂದೆಗಳು ಒಳ್ಳೆಯ ಆಹಾರವನ್ನು ಅರಿಯದವರಲ್ಲ; ವ್ಯರ್ಥವಾಗುವ ಭಯದಿಂದ, ಮಕ್ಕಳು ಒಪ್ಪಿದ್ದನ್ನೇ ಕೊಳ್ಳುತ್ತಾರೆ. ಅನುಕೂಲಸ್ಥರು ನಿರಾಕರಣೆಯ ನಷ್ಟವನ್ನು ತಾಳಬಲ್ಲರು. ಹೀಗೆ ರುಚಿಯ ಶಿಕ್ಷಣವೂ ಹಣವಂತರ ಸೊತ್ತಾಗುತ್ತದೆ.

ಆದುದರಿಂದ ಮೊದಲ ಹತ್ತು ನಿರಾಕರಣೆಗಳ ವೆಚ್ಚವನ್ನು ಸಾರ್ವಜನಿಕರು, ಎಂದರೆ ಶಾಲೆ ಮತ್ತು ಅಂಗನವಾಡಿಗಳು, ವಹಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಬೇಕಾದ ಏರ್ಪಾಡು ಆಗಲೇ ಇದೆ. 2001ರ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯ ಬಳಿಕ ಕರ್ನಾಟಕದಲ್ಲಿ 2002ರಿಂದ ಅಕ್ಷರ ದಾಸೋಹದ ಬಿಸಿಯೂಟ ನಡೆದುಬಂದಿದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಬಿಸಿಯೂಟದೊಡನೆ ಮೊಟ್ಟೆ ಕೊಡಲು ಆರಂಭವಾಗಿ, ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣಿನ ಆಯ್ಕೆಯುಂಟು. 2024ರ ಫೆಬ್ರವರಿಯಲ್ಲಿ ಹಾಲಿನೊಡನೆ ರಾಗಿ ಮಾಲ್ಟ್ ಕೊಡುವ ಏರ್ಪಾಡು ಬಂದಿತು. ಹೊಸ ತಿನಿಸನ್ನು ಪದೇ ಪದೇ, ಜೊತೆಗಾರರ ನಡುವೆ, ಮನೆಯ ಖರ್ಚಿಲ್ಲದೆ ಸವಿದು ನೋಡಲು ಶಾಲೆಯ ಪಂಕ್ತಿಗಿಂತ ಉತ್ತಮವಾದ ಸ್ಥಳವಿಲ್ಲ.

ಈ ಪಂಕ್ತಿಯಿಂದ ಪೂರ್ಣ ಪ್ರಯೋಜನ ದೊರೆಯಬೇಕಾದರೆ ಮೂರು ನಿಯಮಗಳು ಅವಶ್ಯವೆಂದು ನಾವು ಸೂಚಿಸುತ್ತೇವೆ. ಮೊದಲನೆಯದಾಗಿ, ಹೊಸದಾಗಿ ಸೇರಿಸಿದ ಯಾವ ಪದಾರ್ಥವನ್ನೂ ಮೊದಲ ವಾರ ತಟ್ಟೆಯಲ್ಲುಳಿದ ಎಂಜಲನ್ನು ನೋಡಿ ಕೈಬಿಡಬಾರದು. ಪರಿಚಿತವಾದ ಸಾರು ಅನ್ನದ ಜೊತೆಗೆ ಸ್ವಲ್ಪಸ್ವಲ್ಪವಾಗಿ ಹತ್ತು ಸಲವಾದರೂ ಬಡಿಸಿ, ಆಮೇಲೆ ತೀರ್ಮಾನಿಸಬೇಕು. ಎರಡನೆಯದಾಗಿ, ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಈಗಲೂ ಇದೆ; ಆದರೆ ಅಡುಗೆಮನೆಯಲ್ಲಿ ರುಚಿ ನೋಡುವುದು ಬೇರೆ, ಪಂಕ್ತಿಯಲ್ಲಿ ಕುಳಿತು ಮಕ್ಕಳೊಡನೆ ಉಣ್ಣುವುದು ಬೇರೆ. ಮೇಷ್ಟರು ಸವಿದು ತಿಂದ ನುಗ್ಗೆಸೊಪ್ಪಿಗೆ ಪಾಠಪುಸ್ತಕದ ಹತ್ತು ಪುಟಗಳ ಬೆಲೆಯುಂಟು. ಮೂರನೆಯದಾಗಿ, ಯಾವ ಮಗುವನ್ನೂ ಒತ್ತಾಯಿಸಬಾರದು, ಹಂಗಿಸಬಾರದು. ಮನೆಯ ಆಚಾರಕ್ಕೆ ವಿರುದ್ಧವಾದದ್ದನ್ನು ಹೇರಬಾರದು, ತಿನ್ನುವ ಮಗುವನ್ನು ತಡೆಯಲೂಬಾರದು.

ಮನೆಯಲ್ಲಿ ಮಾಡಬಹುದಾದದ್ದು

ಮನೆಯಲ್ಲಿಯೂ ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಕೆಲಸ ಬಹಳವಿದೆ. ಹೊಸ ತಿನಿಸನ್ನು ಮಗುವಿಗಾಗಿ ಪ್ರತ್ಯೇಕ ಬೇಯಿಸಬೇಕಾಗಿಲ್ಲ. ದೊಡ್ಡವರಿಗೆಂದು ಮಾಡಿದ ಬಸ್ಸಾರು, ಕೋಸಂಬರಿ, ತಂಬುಳಿಗಳಿಂದಲೇ ಒಂದು ಚಮಚದಷ್ಟನ್ನು ಮಗುವಿನ ತಟ್ಟೆಯ ಅಂಚಿಗೆ ಹಾಕಿದರೆ ಸಾಕು. ತಿಂದರೆ ಸಂತೋಷ, ಬಿಟ್ಟರೆ ನಷ್ಟ ಒಂದೇ ಚಮಚ. ನಾಳಿದ್ದು ಮತ್ತೆ ಹಾಕಬೇಕು. ಮಗು ಹಸಿದಿರುವಾಗ, ಊಟದ ಮೊದಲ ತುತ್ತಿಗೆ ಹೊಸದನ್ನು ಕೊಟ್ಟರೆ ಫಲ ಹೆಚ್ಚು. ಊಟಕ್ಕೆ ಸ್ವಲ್ಪ ಮೊದಲು ಬಿಸ್ಕತ್ತು ಕೊಟ್ಟರೆ, ಅಥವಾ ದಿನವಿಡೀ ಹಾಲನ್ನೇ ಕುಡಿಸಿದರೆ ಹಸಿವು ಉಳಿಯುವುದಿಲ್ಲ. ಹಾಲು ಅತಿಯಾದರೆ ಕಬ್ಬಿಣಾಂಶದ ಕೊರತೆಯೂ ತಲೆದೋರುತ್ತದೆ. ಸೊಪ್ಪಿನ ಪಲ್ಯಕ್ಕೆ ನಾಲ್ಕು ಹನಿ ನಿಂಬೆಯ ರಸ ಹಿಂಡಿದರೆ ರುಚಿಯೂ ಏರುತ್ತದೆ, ಅದರ ಕಬ್ಬಿಣಾಂಶವೂ ಮೈಗೆ ಹೆಚ್ಚು ಹತ್ತುತ್ತದೆ. ಸೊಪ್ಪು ಬಿಡಿಸುವಾಗ, ಅವರೆಕಾಯಿ ಸುಲಿಯುವಾಗ ಮಗುವೂ ಕೈ ಹಾಕಲಿ. ಕೈಗೆ ಪರಿಚಯವಾದದ್ದು ಬಾಯಿಗೆ ಬೇಗ ಪರಿಚಯವಾಗುತ್ತದೆ.

ಆರು ತಿಂಗಳು ತುಂಬಿದೊಡನೆ ಆರಂಭಿಸುವುದು ಒಳ್ಳೆಯದು. ನಮ್ಮ ಅನ್ನಪ್ರಾಶನದ ಸಂಪ್ರದಾಯಕ್ಕೂ ಇಂದಿನ ವೈದ್ಯರ ಸಲಹೆಗೂ ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ಹಳ್ಳಿಯ ತಾಯಂದಿರು ಮೊಳಕೆ ಬರಿಸಿದ ರಾಗಿಯಿಂದ ಮಾಡುವ ಸರಿಯಲ್ಲಿ ದೊಡ್ಡ ವಿಜ್ಞಾನವಿದೆ. ಮೊಳಕೆಯೊಡೆದಾಗ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟಿ, ಗಂಜಿ ತೆಳ್ಳಗಾಗಿ, ಪುಟ್ಟ ಹೊಟ್ಟೆಗೂ ಹೆಚ್ಚು ರಾಗಿ ಹಿಡಿಸುತ್ತದೆ. ಇದೇ ತತ್ವದ ಮೇಲೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಾದ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ರಾಗಿ ಹಾಗೂ ಹೆಸರುಕಾಳಿನ ಶಿಶು ಆಹಾರವನ್ನು ರೂಪಿಸಿ 1982ರಲ್ಲಿ ವರದಿಮಾಡಿದರು.

ಎರಡು ಎಚ್ಚರಿಕೆಗಳನ್ನು ಹೇಳದಿರಲಾಗದು. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಕೊಡಬಾರದು. ಪುಟ್ಟ ಮಕ್ಕಳಿಗೆ ಇಡಿಯ ಕಡಲೆಕಾಯಿ ಬೀಜದಂತಹ ಗಟ್ಟಿ ಕಾಳುಗಳನ್ನು ಕೊಡಬಾರದು, ಅವು ಉಸಿರಿನ ದಾರಿಗೆ ಅಡ್ಡವಾಗಬಲ್ಲವು. ಮಗುವಿನ ತೂಕ ಏರದಿದ್ದರೆ, ನುಂಗುವಾಗ ಕಷ್ಟಪಟ್ಟರೆ, ನಾಲ್ಕೈದು ಪದಾರ್ಥಗಳ ಹೊರತು ಇನ್ನೇನನ್ನೂ ಮುಟ್ಟದಿದ್ದರೆ, ಅದು ಸಾಮಾನ್ಯ ಅಳುಕಲ್ಲ, ವೈದ್ಯರಿಗೆ ತೋರಿಸಬೇಕು.

ಮಗು ಮೊದಲ ಸಲ 'ಅಮ್ಮ' ಎನ್ನುವ ಮುನ್ನ ಆ ಶಬ್ದವನ್ನು ಎಷ್ಟು ಸಾವಿರ ಸಲ ಕೇಳಿರುತ್ತದೆಯೆಂದು ಯಾರೂ ಎಣಿಸುವುದಿಲ್ಲ. ತಡವಾಯಿತೆಂದು ಯಾರೂ ಮಾತನಾಡಿಸುವುದನ್ನು ನಿಲ್ಲಿಸುವುದಿಲ್ಲ. ಹಾಗಲಕಾಯಿಯ ವಿಷಯದಲ್ಲಿಯೂ ಅದರ ನೂರರಲ್ಲೊಂದು ಪಾಲಿನ ತಾಳ್ಮೆಯನ್ನು ತೋರಿಸಿದರೆ ಸಾಕು. ಮನೆಯವರು ತಟ್ಟೆಯ ಅಂಚಿನ ಒಂದು ಚಮಚವನ್ನು, ಸರಕಾರ ಶಾಲೆಯ ಹತ್ತು ಊಟಗಳನ್ನು ಇದಕ್ಕಾಗಿ ಮೀಸಲಿಡಲಿ. ಉಳಿದುದನ್ನು ಮಗುವೇ ಮಾಡಿಕೊಳ್ಳುತ್ತದೆ.